ಪಟ್ಟದ ಹೋರಿ ಕೇಳಿದ ಇಂಗ್ಲಿಷು

ತಮ್ಮ ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಅವನ ಇಂಗ್ಲಿಷಿನ ಮಾತನ್ನೇ ಎತ್ತಿದರು. ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರಿಯೊಬ್ಬರು ಗಾಡಿ ಕಟ್ಟಿಸಿಕೊಂಡು ಬಂದಿದ್ದರು. ಅವರನ್ನು ನಾನು ಅದುವರೆಗೆ ಕಂಡವನಲ್ಲ. ತೋಟದ ದೊರೆಯೊಬ್ಬನ ಮುಂದೆ ನನ್ನ ತಮ್ಮ ಅವರ ಪರವಾಗಿ ಆಡಿದ ನಾಲ್ಕು ಮಾತನ್ನು ಜಗಲಿಯ ಮೇಲೆ ಕುಳಿತು ನೆನೆದರು, ಹೆಗಲ ಮೇಲಿನ ತುಂಡುಬಟ್ಟೆಯಿಂದ ಕಣ್ಣೊರೆಸಿಕೊಂಡರು. ಕೊಂಬೈಯ ನಮ್ಮ ನೆಂಟರ ಹೆಂಗಸೊಬ್ಬಳು ಅವ್ವನನ್ನು ತಬ್ಬಿಕೊಂಡು, "ದೊರೆ ಮಾತು ನಿನ್ನ ಮಗನ ಬಾಯಾಗೆ ಎಂಗೆ ಓಡ್ತಿತ್ತು ಅಕ್ಕಾ, ಕಾಲುವೆ ನೀರಂಗೆ" ಎಂದು ಹಾಡಿ ಅತ್ತಳು. ಆಕೆ ಇಂಗ್ಲಿಷನ್ನು ಒಂದು ದಿನವೂ ಕಿವಿಯಾರೆ ಕೇಳಿದವಳಲ್ಲ.

ಬಂದವರಿಗೆ ನಾನು ನೀರು ಕೊಟ್ಟೆ, ಎಲೆಯಡಿಕೆಯ ತಟ್ಟೆಯನ್ನು ಮುಂದೆ ಸರಿಸಿದೆ. ಅವರು ಅಳುವುದನ್ನು ನೋಡುತ್ತ ನನಗೆ ಹೊಟ್ಟೆ ಉರಿಯಿತು. ಸತ್ತವನ ಮೇಲೆ ಎಂಥ ಹೊಟ್ಟೆಕಿಚ್ಚು ಎಂದು ಕೇಳಬಹುದು. ಅವನು ಇದ್ದಾಗ ಇದ್ದದ್ದು ಅವನು ಹೋದ ಮೇಲೂ ಹೋಗಲಿಲ್ಲ, ಅಷ್ಟೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಮಾತು ಕನ್ನಡವೇ. ಆದರೆ ನಮ್ಮ ಹಿರಿಯರು ದನ ಹೊಡೆದುಕೊಂಡು ಕಂಬಂ ಕಣಿವೆಗೆ ಬಂದು ಎಷ್ಟೋ ತಲೆಮಾರು ಕಳೆದಿದೆ, ಈ ಮಾತಿಗೆ ಅಕ್ಷರವೂ ಉಂಟು ಎಂಬುದನ್ನು ನಾವು ಮರೆತೇಬಿಟ್ಟಿದ್ದೆವು. ಓದುಬರಹವೆಲ್ಲ ತಮಿಳಿನಲ್ಲಿ. ಮುಂದೆ ನಾನು ದಿಂಡಿಗಲ್ಲಿನ ಒಂದು ತಂಬಾಕಿನ ಮಂಡಿಯಲ್ಲಿ ಕೆಲಸಕ್ಕಿದ್ದಾಗ ಮೈಸೂರು ಸೀಮೆಯ ಮುದುಕರೊಬ್ಬರು ನನ್ನ ಪಕ್ಕದಲ್ಲಿ ಕೂರುತ್ತಿದ್ದರು. ಅವರಿಂದ ಈ ಅಕ್ಷರ ಕಲಿತೆ. ತಮ್ಮನಿಗೆ ಇದು ಬರುತ್ತಿರಲಿಲ್ಲ. ಅವನು ನನ್ನನ್ನು ದಾಟಿ ಹೋಗದೆ ಬಿಟ್ಟ ದಾರಿ ಇದೊಂದೇ. ಆದ್ದರಿಂದ ಇದರಲ್ಲೇ ಬರೆಯುತ್ತೇನೆ.

ನಮ್ಮ ಕುಲಕ್ಕೆ ಒಂದು ಮಂದೆ ಇದೆ. ಹಸುವನ್ನು ನಾವು ಆವು ಎನ್ನುತ್ತೇವೆ. ಈ ಮಂದೆಗೆ ದೇವರಾವು ಎಂದು ಹೆಸರು. ಅದು ಯಾರೊಬ್ಬರ ಸೊತ್ತೂ ಅಲ್ಲ. ಅದರ ಹಾಲನ್ನು ಮಾರುವುದಿಲ್ಲ, ಅದರ ಹೋರಿಗೆ ನೊಗ ಹೂಡುವುದಿಲ್ಲ. ಮಂದೆಗೆ ಒಂದು ಪಟ್ಟದ ಹೋರಿ. ಅದು ಸತ್ತರೆ ಮನುಷ್ಯರನ್ನು ಹೂಳುವ ಹಾಗೆ ಹೂಳುತ್ತೇವೆ. ಆಮೇಲೆ ಮಂದೆಯನ್ನೆಲ್ಲ ಕೂಡಿಸಿ ಕಬ್ಬಿನ ಕಟ್ಟು ಇಡುತ್ತೇವೆ. ತಾನಾಗಿ ಬಂದು ಕಬ್ಬಿಗೆ ಬಾಯಿ ಹಾಕಿದ ಹೋರಿಗೆ ಪಟ್ಟ. ಮಂದೆಯ ವಿಷಯದಲ್ಲಿ ಹಿರಿಯರಿಗೆ ಒಮ್ಮತ ಬಾರದಿದ್ದರೆ ಆ ಹೋರಿಯನ್ನೇ ಕೇಳುವ ವಾಡಿಕೆ.

ಇನ್ನೊಂದು ಕಟ್ಟಳೆಯನ್ನೂ ಹೇಳಬೇಕು. ದೇವರಾವನ್ನು ಎಣಿಸಬಾರದು. ಎಣಿಸಿದವನ ಬಾಯಿಂದ ಬಂದ ಲೆಕ್ಕಕ್ಕೇ ಮಂದೆ ನಿಂತುಬಿಡುತ್ತದೆ, ಆಮೇಲೆ ಇಳಿಯುತ್ತ ಹೋಗುತ್ತದೆ ಎಂದು ನಮ್ಮವರ ನಂಬಿಕೆ. ಮಂದೆ ಕಾಯುವವನಿಗೆ ಒಂದೊಂದರ ಮುಖವೂ ಗೊತ್ತು. ಸಂಜೆ ಒಂದು ಬಾರದಿದ್ದರೆ ಯಾವುದು ಬರಲಿಲ್ಲ ಎಂದು ಹೇಳುತ್ತಾನೆ. ಎಷ್ಟು ಬಂದವು ಎಂದು ಮಾತ್ರ ಹೇಳುವುದಿಲ್ಲ. ಆ ಕಾಲದಲ್ಲಿ ಮಂದೆಯ ಹೊಣೆ ನಮ್ಮ ಅಪ್ಪನದು.

ನಾನು ಹುಡುಗನಾಗಿದ್ದಾಗ ಸರ್ಕಾರದವರು ಬೆಟ್ಟದ ಬುಡದಲ್ಲಿ ಕಲ್ಲು ನೆಟ್ಟರು. ಕಲ್ಲಿನ ಆಚೆಯದೆಲ್ಲ ಜಂಗಲ್ ದೊರೆಯ ಕಾಡು ಎಂದಾಯಿತು. ಬೇಸಗೆಯಲ್ಲಿ ಕಣಿವೆಯ ಹುಲ್ಲು ಒಣಗಿದರೆ ದೇವರಾವಿಗೆ ಬೆಟ್ಟ ಬಿಟ್ಟರೆ ಬೇರೆ ಮೇವಿಲ್ಲ. ವರ್ಷಕ್ಕೊಮ್ಮೆ ದೊರೆ ಕಂಬಂ ಹತ್ತಿರದ ಹುಣಸೆ ತೋಪಿನಲ್ಲಿ ಡೇರೆ ಹಾಕಿದಾಗ ಹೋಗಿ ಕೈಮುಗಿದು ಅಪ್ಪಣೆ ಪಡೆಯಬೇಕು. ದೊರೆಯ ಪಕ್ಕದಲ್ಲಿ ಒಬ್ಬ ದುಭಾಷಿ. ಅಪ್ಪ ತಮಿಳಿನಲ್ಲಿ ಹತ್ತು ಮಾತು ಹೇಳಿದರೆ ಅವನು ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿ ಸುಮ್ಮನಾಗುತ್ತಿದ್ದ. ಒಂದು ಬೇಸಗೆ ಅಪ್ಪಣೆ ಸಿಗಲಿಲ್ಲ. ಮಂದೆ ಕಲ್ಲಿನ ಈಚೆಯೇ ನಿಂತು ಬೆಟ್ಟದ ಕಡೆಗೆ ಮುಖ ಮಾಡಿ ಕೂಗುತ್ತಿತ್ತು. ಆ ವರ್ಷದ ಕರುಗಳು ಹೆಚ್ಚು ಉಳಿಯಲಿಲ್ಲ.

ಕರುಗಳನ್ನು ಹೂತು ಬಂದ ದಿನ ಅಪ್ಪ ನನ್ನನ್ನು ಕರೆದು, "ನಮ್ಮ ಮಾತು ನಮ್ಮ ಬಾಯಿಂದ್ಲೇ ದೊರೆ ಕಿವಿಗೆ ಬೀಳ್ಬೇಕು. ನೀನು ಹಿರೇಮಗ. ಇಂಗ್ಲೀಷ್ ಕಲ್ತ್ಕೊಂಡು ಬಾ" ಎಂದ.

ಹೀಗೆ ನಾನು ಪಾದ್ರಿಗಳು ನಡೆಸುತ್ತಿದ್ದ ಒಂದು ಶಾಲೆಗೆ ಹೋದೆ. ನಾನು ಹೋದದ್ದು ಮಂದೆಗಾಗಿ. ಮುಂದೆ ದೊರೆಯ ಎದುರು ನಿಂತು ಮಾತಾಡುವವನು ನಾನೇ ಎಂದು ಊರೆಲ್ಲ ಹೇಳುತ್ತಿತ್ತು. ಆ ಮಾತನ್ನು ನೆನೆದುಕೊಂಡೇ ಶಾಲೆಯ ಗಂಜಿ ಕುಡಿದೆ, ಶಾಲೆಯ ಪೆಟ್ಟು ತಿಂದೆ.

ವಾತ್ಯಾರು, ಅಂದರೆ ನಮ್ಮ ಮೇಷ್ಟ್ರು, ಒಳ್ಳೆಯವರು. ಪ ಬೇರೆ, ಫ ಬೇರೆ ಎಂದು ಕಲಿಸಲು ತಾಳೆಗರಿಯ ತೆಳ್ಳನೆಯ ಎಳೆಯೊಂದನ್ನು ನಮ್ಮ ಬಾಯಿಯ ಮುಂದೆ ಹಿಡಿಯುತ್ತಿದ್ದರು. ಪ ಎಂದರೆ ಎಳೆ ಒಮ್ಮೆ ಎಗರಿ ನಿಲ್ಲಬೇಕು. ಫ ಎಂದರೆ ನಡುಗುತ್ತಲೇ ಇರಬೇಕು. ನನ್ನ ಎದುರು ಅದು ಯಾವಾಗಲೂ ಎಗರಿ ನಿಲ್ಲುತ್ತಿತ್ತು. ಫಾರೆಸ್ಟ್ ಎನ್ನಲು ಹೋಗಿ ಪಾರೆಸ್ಟ್ ಎನ್ನುತ್ತಿದ್ದೆ. ವರ್ಕ್ ಎಂದರೆ ಕೆಲಸ, ವಾಕ್ ಎಂದರೆ ನಡಿಗೆ. ನನ್ನ ಬಾಯಲ್ಲಿ ಎರಡೂ ಒಂದೇ ಆಗುತ್ತಿದ್ದವು. ಇನ್ನು ಷಲ್ ಎಲ್ಲಿ, ವಿಲ್ ಎಲ್ಲಿ ಎಂಬುದು. ತಪ್ಪಿದರೆ ದೊರೆಗೆ ನಾವು ಆಜ್ಞೆ ಮಾಡಿದ ಹಾಗಾಗುತ್ತದೆ ಎಂದು ವಾತ್ಯಾರು ಹೆದರಿಸಿದ್ದರು. ಕನಸಿನಲ್ಲೂ ನಾನು ದೊರೆಗೆ ಆಜ್ಞೆ ಮಾಡಿ ಬೆವರುತ್ತಿದ್ದೆ.

ಕಲಿತದ್ದು ಮರೆಯದಿರಲಿ ಎಂದು ಪ್ರತಿಯೊಂದು ಇಂಗ್ಲಿಷ್ ಮಾತಿನ ಕೆಳಗೂ ಅದರ ಉಚ್ಚಾರವನ್ನು ತಮಿಳು ಅಕ್ಷರದಲ್ಲಿ ಸ್ಲೇಟಿನ ಮೇಲೆ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದೆ. ತಮಿಳಿನಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ, ಪ ಮತ್ತು ಬ ಎರಡಕ್ಕೂ ಒಂದೇ. ಹೋರಿಗೆ ಇಂಗ್ಲಿಷಿನಲ್ಲಿ ಬುಲ್ ಎನ್ನುತ್ತಾರೆ. ನಾನು ಬರೆದುಕೊಂಡದ್ದನ್ನು ಓದಿದಾಗ ಅದು ಪುಲ್ ಆಯಿತು. ತಮಿಳಿನಲ್ಲಿ ಪುಲ್ ಎಂದರೆ ಹುಲ್ಲು. ತರಗತಿಯ ಹುಡುಗರು ಬಹಳ ದಿನ ನನ್ನನ್ನು ಹುಲ್ಲೇ ಎಂದು ಕರೆದರು.

ರಜೆಗೆ ಬಂದಾಗ ತಮ್ಮನಿಗೆ ಇಂಗ್ಲಿಷಿನ ಮೊದಲ ಮಾತುಗಳನ್ನು ಹೇಳಿಕೊಟ್ಟವನು ನಾನೇ. ಅವನು ದೊಡ್ಡಿಯಲ್ಲಿ ಪಟ್ಟದ ಹೋರಿಯ ಮೈ ಉಜ್ಜುತ್ತ ಕೇಳಿಸಿಕೊಳ್ಳುತ್ತಿದ್ದ. ಎರಡು ವರ್ಷವಾದ ಮೇಲೆ ಅವನನ್ನೂ ಶಾಲೆಗೆ ಕಳಿಸಿದರು. ಬಂದ ಕೆಲವೇ ತಿಂಗಳಲ್ಲಿ ತಾಳೆಗರಿ ಅವನ ಬಾಯಿಯ ಮುಂದೆ ನಡುಗಬೇಕಾದ ಕಡೆ ನಡುಗಿತು, ಎಗರಬೇಕಾದ ಕಡೆ ಎಗರಿತು. ಅವನು ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ.

ಒಂದು ದಿನ ನನ್ನ ಸ್ಲೇಟನ್ನು ನೋಡಿ ಅವನು, "ಯಾಕಣ್ಣಯ್ಯ, ತಮಿಳಾಗೆ ಬರ್ಕೋತೀಯ? ಅವ್ವ ಬಾಲ ಅಂದ್ರೆ ಬಾಲ, ಪಾಲು ಅಂದ್ರೆ ಪಾಲು. ಆ ಬಾಯಿ ನಮಗೂ ಐತಲ್ಲ. ಅದ್ರಾಗೇ ಇಟ್ಕೋ" ಎಂದ.

ಹೇಳಿದ್ದು ಸರಿಯಾಗಿತ್ತು. ನಮ್ಮಿಬ್ಬರಿಗೂ ಅದೇ ಅವ್ವ, ಅದೇ ಮನೆಮಾತು. ನಾನು ಮೊದಲೇ ಹುಟ್ಟಿ, ಅದನ್ನು ಅವನಿಗಿಂತ ಹೆಚ್ಚು ಕಾಲ ಆಡಿದವನು. ಆದರೂ ಅದರಿಂದ ಅವನಿಗೆ ಸಿಕ್ಕಿದ್ದು ನನಗೆ ಸಿಕ್ಕಿರಲಿಲ್ಲ. ಅಂದು ಸ್ಲೇಟನ್ನು ಒರೆಸಲಿಲ್ಲ. ಅವನು ಹೇಳಿದ್ದಕ್ಕೆ ಒರೆಸಬೇಕೇ ಎನಿಸಿತು.

ಮನೆಯಲ್ಲೂ ಹಾಗೆಯೇ. ಇಂಗ್ಲಿಷಿನಲ್ಲಿ ಥ ಎನ್ನಲು ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ಊದಬೇಕು. ನಾನು ಊಟದ ಹೊತ್ತಿಗೆ ಅದನ್ನು ಅಭ್ಯಾಸ ಮಾಡಿದರೆ ಅವ್ವ ಸೌಟು ಎತ್ತಿ, "ದೊಡ್ಡವ್ರ ಮುಂದೆ ನಾಲ್ಗೆ ನೀಡ್ತೀಯೇನ್ಡಾ? ಮುಚ್ಕೊಂಡು ತಿನ್ನು" ಎನ್ನುತ್ತಿದ್ದಳು. ತಮ್ಮ ಅದನ್ನೇ ಮಾಡಿ, "ನೀನೂ ನೀಡವ್ವ, ಥ್ಯಾಂಕ್ಸ್ ಅನ್ನು, ದೊರೆಸಾನಿ ಆಗ್ತೀಯ" ಎಂದರೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಕೊನೆಗೆ ಒಲೆಯ ಮುಂದೆ ಕುಳಿತು ತಾನೂ ನಾಲಿಗೆ ನೀಡಿ ಥ್ಯಾಂಕ್ಸ್ ಎಂದಳು. ನಾನು ಕೈ ತೊಳೆಯಲು ಎದ್ದು ಹೋದೆ.

ಪಾದ್ರಿಗಳ ಹೆಂಡತಿ ವಾರಕ್ಕೊಮ್ಮೆ ಶಾಲೆಯ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಉಣ್ಣೆ ಹೆಣೆಯುತ್ತ ನಮ್ಮ ಓದನ್ನು ಕೇಳುತ್ತಿದ್ದರು. ನನ್ನ ಸರದಿಯಲ್ಲಿ ಕರು ಎಂಬುದಕ್ಕೆ ಇಂಗ್ಲಿಷಿನ ಮಾತು ಬಂತು. ಅದರಲ್ಲಿ ಲ ಎಂಬ ಅಕ್ಷರವಿದೆ. ನಾನು ಕಾಲ್ಫ್ ಎಂದೆ. ಅಕ್ಷರ ಎದುರಿಗೇ ಕುಳಿತಿರುವಾಗ ಅದನ್ನು ಕರೆಯದೆ ಮುಂದೆ ಹೋಗುವುದು ನನಗೆ ಮೋಸ ಎನಿಸುತ್ತಿತ್ತು. ಅವರು ತಲೆ ಅಲ್ಲಾಡಿಸಿದರು. ಮುಂದಿನವನು ತಮ್ಮ. ಅವನು ಕಾಫ್ ಎಂದ, ಅದೇ ಉಸಿರಿನಲ್ಲಿ ಮುಂದಿನ ಸಾಲಿನ ಹಾಫನ್ನೂ ಸರಿಯಾಗಿ ಓದಿದ. ಅವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ದೊರೆಸಾನಿ ಹೆಣಿಗೆಯನ್ನು ಮಡಿಲಿಗೆ ಇಳಿಸಿ ಅವನನ್ನೇ ನೋಡಿದರು. ಅಂದಿನಿಂದ ಪ್ರತಿ ಸಂಜೆ ಅವನು ಅವರ ಬಂಗಲೆಯಲ್ಲಿ ಗಟ್ಟಿಯಾಗಿ ಓದಬೇಕೆಂದಾಯಿತು. ನಾನು ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದರೆ ಕಿಟಕಿಯಿಂದ ಅವರಿಬ್ಬರ ನಗು ಕೇಳಿಸುತ್ತಿತ್ತು. ಏತಕ್ಕೆ ನಕ್ಕರು ಎಂದು ಕೇಳಿದರೆ ತಮ್ಮ, "ಏನಿಲ್ಲ ಅಣ್ಣಯ್ಯ, ಅದನ್ನ ನಮ್ಮ ಮಾತಾಗೆ ಹೇಳಿದ್ರೆ ನಗು ಬರಲ್ಲ" ಎನ್ನುತ್ತಿದ್ದ. ನನಗೆ ಹೇಳುವುದು ಬೇಡವೆಂದು ಹಾಗೆನ್ನುತ್ತಾನೆ ಎಂದೇ ನಾನು ತಿಳಿದೆ.

ಆದರೂ ಒಂದು ಮಾತಿಗೆ ನನಗೆ ಧೈರ್ಯವಿತ್ತು. ನಾನು ಹಿರಿಯವನು. ಅವನು ಬಂಗಲೆಯಲ್ಲಿ ಓದಲಿ, ಅವ್ವನನ್ನು ನಗಿಸಲಿ. ದೇವರಾವಿನ ಪರವಾಗಿ ದೊರೆಯ ಮುಂದೆ ನಿಲ್ಲುವವನು ನಾನೇ.

ನಾವಿಬ್ಬರೂ ಓದು ಮುಗಿಸಿ ಬಂದ ವರ್ಷ ಮಳೆ ಕಡಿಮೆ. ಬೇಸಗೆಗೆ ಮುಂಚೆಯೇ ಹುಲ್ಲು ಹಳದಿಯಾಯಿತು. ಜಂಗಲ್ ದೊರೆ ಬರುವ ಸುದ್ದಿ ತಿಳಿದು ಹಿರಿಯರು ದೊಡ್ಡಿಯ ಮುಂದೆ ಕೂಡಿದರು. ಅಪ್ಪ ನನ್ನ ಹೆಸರು ಹೇಳಿದ. ನಮ್ಮ ಸೋದರಮಾವ ಬಾಯಲ್ಲಿದ್ದ ಎಲೆಯನ್ನು ಉಗುಳಿ ಬಂದು, "ಚಿಕ್ಕೋನು ದೊರೆ ಹಂಗೇ ಆಡ್ತಾನಂತೆ ಮಚ್ಚಾ, ವಾತ್ಯಾರೇ ಹೇಳಿದ್ರು" ಎಂದು ಅಪ್ಪನಿಗೆ ಹೇಳಿದ.

"ಹಿರಿಯೋನು ಇರ್ಬೇಕಾದ್ರೆ ಚಿಕ್ಕೋನ್ನ ಕಳ್ಸದಾ?" ಎಂದ ಅಪ್ಪ.

"ಇಬ್ರೂ ಆಡ್ಲಿ, ಕೇಳಾಣ" ಎಂದರು ಯಾರೋ.

"ಕೇಳಿ? ನಿನಗೆ ಇಂಗ್ಲೀಷ್ ತಿಳೀತದಾ? ನನಗೆ ತಿಳೀತದಾ? ಒಬ್ಬ ಬೈದ್ರೂ ನಾವು ಶರಿ ಶರಿ ಅಂತೀವಿ" ಎಂದ ಇನ್ನೊಬ್ಬ.

ಎಲ್ಲರೂ ನಕ್ಕರು. ಆಗ ಎಲ್ಲರಿಗಿಂತ ಹಳೆಯ ತಾತ ಕೋಲೂರಿ ಎದ್ದು, "ಯಾರ ಮಾತು ಇದು? ದೇವರಾವಿನ ಮಾತು. ಯಾರು ಆಡ್ಬೇಕು ಅಂತ ಅದೇ ಹೇಳ್ಲಿ" ಎಂದ.

ಹೊರಗಿನವರಿಗೆ ಇದು ನಗೆಪಾಟಲಾಗಿ ಕಾಣಬಹುದು. ನಮ್ಮಲ್ಲಿ ಆ ಮಾತು ಬಂದ ಮೇಲೆ ಯಾರೂ ನಗಲಿಲ್ಲ. ಮರುದಿನ ಬೆಳಿಗ್ಗೆ ಮಿಂದು ದೊಡ್ಡಿಯ ಬಯಲಿಗೆ ಹೋದೆವು. ಆ ತುದಿಗೊಂದು ಈ ತುದಿಗೊಂದು ಕಬ್ಬಿನ ಕಟ್ಟು ಇಟ್ಟರು. ಒಂದರ ಪಕ್ಕದಲ್ಲಿ ನಾನು, ಇನ್ನೊಂದರ ಪಕ್ಕದಲ್ಲಿ ಅವನು. ಹೋರಿಯನ್ನು ನಡುವೆ ತಂದು ಹಗ್ಗ ಬಿಚ್ಚಿದರು. ಇಂಗ್ಲಿಷು ಆಡಿ ಎಂದರು.

ನಾನು ದೊರೆಗೆ ಹೇಳಲೆಂದು ಕಲಿತಿಟ್ಟುಕೊಂಡಿದ್ದ ಬಿನ್ನಹವನ್ನು ಮೊದಲಿಂದ ಹೇಳಿದೆ. ಹಾನರ್ಡ್ ಸರ್, ವಿ ಹಂಬ್ಲಿ ಬೆಗ್. ಷಲ್ ಇರಬೇಕಾದ ಕಡೆ ಷಲ್, ವಿಲ್ ಇರಬೇಕಾದ ಕಡೆ ವಿಲ್. ಒಂದು ತಪ್ಪೂ ಬರಲಿಲ್ಲ. ಈಗಲೂ ಅದನ್ನು ಆಣೆಯಿಟ್ಟು ಹೇಳಬಲ್ಲೆ. ಫಾರೆಸ್ಟ್ ಎಂಬ ಮಾತು ಕೂಡ ಅಂದು ಸರಿಯಾಗಿ ಬಂತು. ಹೋರಿ ನನ್ನ ಕಡೆಗೆ ಮುಖ ತಿರುಗಿಸಿ ನಿಂತಿತು. ಕಿವಿ ಅಲ್ಲಾಡಿಸಿತು.

ತಮ್ಮ ಬಿನ್ನಹ ಹೇಳಲಿಲ್ಲ. ಹೋರಿಯ ಜೊತೆ ದಿನವೂ ಆಡುವ ದನಿಯಲ್ಲೇ, "ಕಮ್, ಓಲ್ಡ್ ಫೆಲೋ, ಕಮ್ ಅಲಾಂಗ್" ಎಂದ. ದೊರೆಗಳು ತಮ್ಮ ಕುದುರೆಗೆ ಹೇಳುವ ಹಾಗೆ. ಹೋರಿ ತಿರುಗಿ, ಅವಸರವಿಲ್ಲದೆ ನಡೆದು ಹೋಗಿ ಅವನ ಕಡೆಯ ಕಬ್ಬಿಗೆ ಬಾಯಿ ಹಾಕಿತು. ಹೆಂಗಸರು ನಾಲಿಗೆ ಹೊರಳಿಸಿ ಮಂಗಳದ ಕೂಗು ಹಾಕಿದರು. ಮಾವ ನನ್ನ ಬೆನ್ನು ತಟ್ಟಿ, "ಬೇಜಾರಾಗ್ಬೇಡ್ಡಾ. ನಿನ್ನ ಮಾತು ಪೂರಾ ಕೇಳ್ಸ್ಕೊಂಡೇ ಹೋಯ್ತು, ಮರ್ಯಾದೆ ಗೊತ್ತಿರೋ ಹೋರಿ" ಎಂದ.

ನಾನು ಅಪ್ಪನ ಹತ್ತಿರ ಹೋಗಿ, "ಅದು ದಿನಾ ಅವನ ಕೈಯಿಂದ್ಲೇ ತಿನ್ನದು ಅಪ್ಪ. ಇಂಗ್ಲೀಷ್ ಕೇಳಿ ಹೋಗ್ಲಿಲ್ಲ" ಎಂದೆ.

ಅಪ್ಪ ಕಬ್ಬಿನ ಸಿಪ್ಪೆಯನ್ನು ಕಾಲಿನಿಂದ ಸರಿಸುತ್ತ, "ನೀನೂ ತಿನ್ಸ್ಬೋದಿತ್ತಲ್ಲ" ಎಂದ.

ಮನುಷ್ಯರು ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ಆರಿಸಿದರೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳಬಹುದು. ಹೋರಿಯ ಮೇಲೆ ಸಿಟ್ಟು ಮಾಡಿಕೊಂಡವನ ಗತಿಯನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಅದರ ಮುಂದೆ ಹಾಯುವಾಗಲೆಲ್ಲ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಅದು ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು.

ದೊರೆಯ ಡೇರೆಗೆ ಹೋದ ದಿನ ನಾನೂ ಹಿಂದೆ ನಿಂತಿದ್ದೆ. ತಮ್ಮ ಮುಂದೆ. ದುಭಾಷಿ ಮೇಜಿನ ಪಕ್ಕದಲ್ಲಿ ಕೈಕಟ್ಟಿ ನಿಂತು, ತನ್ನ ಕೆಲಸವನ್ನು ಹುಡುಗನೊಬ್ಬ ಕಿತ್ತುಕೊಳ್ಳುವುದನ್ನು ನೋಡುತ್ತಿದ್ದ. ಮೊದಲು ಎಲ್ಲ ಸರಿಯಾಗಿ ನಡೆಯಿತು. ಆಮೇಲೆ ದೊರೆ ಲೇಖನಿ ಎತ್ತಿಕೊಂಡು ಮಂದೆಯಲ್ಲಿ ಎಷ್ಟು ತಲೆ ಎಂದು ಕೇಳಿದ. ಲೆಕ್ಕ ಹೇಳದೆ ಅಪ್ಪಣೆ ಬರೆಯುವಂತಿಲ್ಲ ಎಂದ.

ತಮ್ಮ ತಲೆ ತಗ್ಗಿಸಿದ. ದೊರೆ ಇನ್ನೊಮ್ಮೆ ಕೇಳಿದ. ದುಭಾಷಿಯ ಮುಖ ಅರಳಿತು.

ನಮ್ಮ ಹಿಂದೆ ಹಿರಿಯರಲ್ಲಿ ಗುಸುಗುಸು ಎದ್ದಿತು. "ಏನಂತೆ?" "ಎಷ್ಟು ಅಂತ ಕೇಳ್ತಾನೆ" ಎಂದೆ ನಾನು. "ಅಯ್ಯೋ." ಮಾವ ಕುತ್ತಿಗೆ ಚಾಚಿ, "ಇಂಗ್ಲೀಷಾಗೆ ಹೇಳಿದ್ರೆ ಎಣ್ಸಿದಂಗೆ ಆಗ್ತದಾ? ದೇವ್ರಿಗೆ ಇಂಗ್ಲೀಷ್ ಎಲ್ಲಿ ಬರ್ತದೆ?" ಎಂದ.

"ಮೊನ್ನೆ ಹೋರಿಗೆ ಬರ್ತದೆ ಅಂದ್ರಿ, ಇವತ್ತು ದೇವ್ರಿಗೆ ಬರಲ್ಲಾಂತೀರಾ?" ಎಂದು ತಾತ ಗದರಿದ. "ಯಾವ ಮಾತಾಗೆ ಆದ್ರೇನು, ಎಣಿಕೆ ಎಣಿಕೆಯೇ."

ಅವರು ಹೀಗೆ ವಾದಿಸುತ್ತಿರುವಾಗ ತಮ್ಮ ತಲೆಯೆತ್ತಿ ದೊರೆಯ ಜೊತೆ ಮಾತಾಡಿದ. ಒಂದೊಂದು ಮಾತೂ ನನಗೆ ತಿಳಿಯಿತು. ನಮ್ಮ ಜನ ಈ ಮಂದೆಯ ಲೆಕ್ಕವನ್ನು ಬಾಯಿಂದ ಹೇಳುವುದಿಲ್ಲ, ತಾನು ಹೇಳಿದರೆ ಬೆಟ್ಟ ಸಿಕ್ಕಿದರೂ ತನ್ನ ತಂದೆ ನೆಮ್ಮದಿಯಿಂದ ಇರಲಾರ ಎಂದ. ಆದರೆ ಸಂಜೆ ಮಂದೆ ಇಕ್ಕಟ್ಟಾದ ಓಣಿಯಲ್ಲಿ ಒಂದೊಂದಾಗಿ ಮನೆಗೆ ಬರುವುದನ್ನು ನೋಡಲು ಬಹಳ ಚೆಂದ, ದೊರೆಗಳು ಬಂದು ನೋಡಿದರೆ ನಮಗೆಲ್ಲ ಸಂತೋಷ, ಆಗ ಅವರು ತಮ್ಮ ಮನಸ್ಸಿನಲ್ಲಿ ಏನನ್ನು ಎಣಿಸಿದರೂ ನಾವು ಕೇಳುವುದಿಲ್ಲ ಎಂದ.

ನೀವು ಬರಬೇಕು ಎಂದು ನಾನಾಗಿದ್ದರೆ ಹೇಳುತ್ತಿದ್ದೆ. ಅದಕ್ಕೆ ವ್ಯಾಕರಣ ಸರಿಯಿದೆ. ಅವನು ಹಾಗೆನ್ನದೆ, ಬರಲು ಮನಸ್ಸಾದೀತೇ ಎಂದು ಕೇಳಿದ. ಮನೆಗೆ ನೆಂಟರನ್ನು ಕರೆಯುವ ದನಿ ಅದು. ಅವನು ಬಳಸಿದ ಮಾತುಗಳಲ್ಲಿ ನನಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟದ್ದು. ಅವನಲ್ಲಿ ಗುಟ್ಟಿನ ಮಾತೇನಾದರೂ ಇದ್ದಿದ್ದರೆ ಹೇಗಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ದೊರೆ ಲೇಖನಿಯನ್ನು ಕೆಳಗಿಟ್ಟು ನಕ್ಕ. ಸಂಜೆ ಕುದುರೆ ಏರಿ ಬಂದ. ಓಣಿಯ ಬಾಯಲ್ಲಿ ಬೇವಿನ ಕೆಳಗೆ ನಿಂತು, ಧೂಳಿನಲ್ಲಿ ಬರುವ ಒಂದೊಂದಕ್ಕೂ ಬೆರಳಿನಿಂದ ತೊಡೆ ತಟ್ಟಿಕೊಂಡ. ನಮ್ಮವರೆಲ್ಲ ಆ ಕಡೆ ನೋಡದೆ ಬೇಕೆಂದೇ ಆಕಾಶ ನೋಡುತ್ತಿದ್ದರು. ಅಪ್ಪಣೆ ಸಿಕ್ಕಿತು. ಮಂದೆ ಬೆಟ್ಟ ಹತ್ತಿತು. ಅವ್ವ ತಮ್ಮನ ಎರಡು ಕೆನ್ನೆಗೂ ಕೈಯಿಟ್ಟು ದೃಷ್ಟಿ ತೆಗೆದಳು.

ಆ ವರ್ಷವೇ ನಾನು ದಿಂಡಿಗಲ್ಲಿಗೆ ಹೋದೆ. ಮಂಡಿಯಲ್ಲಿ ನನ್ನ ಇಂಗ್ಲಿಷು ಹೊರೆಗಳ ಮೇಲೆ ಊರಿನ ಹೆಸರು ಬರೆಯಲು ಸಾಕಾಗುತ್ತಿತ್ತು. ಊರಿಂದ ಬಂದವರು ಹೇಳುತ್ತಿದ್ದರು, ದೊರೆ ಈಗ ಪ್ರತಿ ವರ್ಷ ತಮ್ಮನನ್ನು ಡೇರೆಗೆ ಕರೆಸಿ ಕೂರಿಸಿಕೊಂಡು ಬಹಳ ಹೊತ್ತು ಮಾತಾಡುತ್ತಾನೆ ಎಂದು. ಏನು ಮಾತು ಎಂದರೆ ಅವರಿಗೆ ತಿಳಿಯದು. ನಾನು ತಂಬಾಕಿನ ಘಾಟಿಗೆ ಕೆಮ್ಮುತ್ತ, ಡೇರೆಯೊಳಗೆ ಅವನು ಹೇಗೆ ಕೂತಿರಬಹುದು, ನೆಲದ ಮೇಲೋ ಪೀಠದ ಮೇಲೋ ಎಂದು ಯೋಚಿಸುತ್ತಿದ್ದೆ.

ಕಳೆದ ಬೇಸಗೆ ಅವನು ಮಂದೆಯ ಜೊತೆ ಬೆಟ್ಟಕ್ಕೆ ಹೋಗಿ ಮಲೆಜ್ವರ ಹತ್ತಿಸಿಕೊಂಡು ಇಳಿದ. ಸುದ್ದಿ ಬಂದು ನಾನು ಗಾಡಿ ಹಿಡಿದು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಅವನ ಕೊನೆಯ ದಿನಗಳು ನನ್ನನ್ನು ಬಿಟ್ಟು ಉಳಿದವರೆಲ್ಲರ ಪಾಲಾಗಿದ್ದವು. ಅವ್ವ ನನ್ನನ್ನು ಕಂಡು ಮೊದಲು ಆಡಿದ್ದು ಇದು: "ಜ್ವರ ಏರ್ದಾಗ ದೊರೆ ಮಾತೇ ಆಡ್ದ ಮಗಾ. ನನ್ನ ಮೊಕ ನೋಡ್ಕೊಂಡೇ ಆಡ್ದ. ಒಂದೂ ತಿಳೀಲಿಲ್ಲ. ನೀನಿದ್ದಿದ್ರೆ ನನಗೆ ಬಿಡಿಸಿ ಹೇಳ್ತಿದ್ದೆ." ಆಮಾ ಅವ್ವ, ಹೌದು ಎಂದೆ. ಇದ್ದಿದ್ದರೆ ನನಗಾದರೂ ತಿಳಿಯುತ್ತಿತ್ತೋ ಇಲ್ಲವೋ, ಅದು ನನಗೆ ಗೊತ್ತಿಲ್ಲ.

ಅವನು ಇಂಗ್ಲಿಷಿನ ಬಾಯಿಂದ ಮಂದೆಯ ಲೆಕ್ಕ ಹೇಳಿಬಿಟ್ಟಿದ್ದನೇನೋ, ಅದಕ್ಕೇ ಹೀಗಾಯಿತು ಎಂದು ಒಬ್ಬಿಬ್ಬರು ಆಡಿಕೊಂಡರು. ಆಗ ಮಾತ್ರ ನಾನು ಎದ್ದು ನಿಂತು ಜಗಳಕ್ಕೆ ಹೋದೆ. ಅವನು ಹೇಳಲಿಲ್ಲ, ಅಲ್ಲಿದ್ದ ನಮ್ಮವರಲ್ಲಿ ಅವನ ಮಾತು ತಿಳಿದವನು ನಾನೊಬ್ಬನೇ, ಆಗ ಕೇಳಿದ್ದೇನೆ ಎಂದೆ.

ಈ ವರ್ಷ ದೊರೆ ಮತ್ತೆ ಡೇರೆ ಹಾಕಿದ. ಯಾರು ಹೋಗಬೇಕು ಎಂದು ಹಿರಿಯರು ಕೂಡಲಿಲ್ಲ. ಯಾರೂ ಕಬ್ಬು ಕಡಿದು ತರಲಿಲ್ಲ. ನಾನೊಬ್ಬನೇ ಉಳಿದಿದ್ದೆ, ಆದ್ದರಿಂದ ನಾನು. ಚಿಕ್ಕಂದಿನಿಂದ ಬಯಸಿದ್ದು ಹೀಗೆ ಬಂತು. ಒಗೆದ ಪಂಚೆ ಉಟ್ಟು, ದಾರಿಯುದ್ದಕ್ಕೂ ಫಾರೆಸ್ಟ್ ಫಾರೆಸ್ಟ್ ಎಂದು ತುಟಿ ಅಲ್ಲಾಡಿಸಿಕೊಂಡು, ಅಪ್ಪನ ಹಿಂದೆ ತೋಪಿಗೆ ಹೋದೆ.

ದೊರೆ ಮೊದಲು ನನ್ನ ಹಿಂದೆ ನೋಡಿದ, ಆಮೇಲೆ ನನ್ನನ್ನು ನೋಡಿದ. ಎಲ್ಲಿ ಅವನು ಎಂದು ಕೇಳಿದ. ತೀರಿಕೊಂಡ ಎಂಬುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಮಾತುಗಳಿವೆ ಎಂದು ನನಗೆ ಗೊತ್ತಿತ್ತು. ವಾತ್ಯಾರು ಸಾಲಾಗಿ ಬರೆಸಿದ್ದರು, ಯಾವುದು ದೊಡ್ಡವರಿಗೆ, ಯಾವುದು ಬಿನ್ನಹಪತ್ರಕ್ಕೆ ಎಂದು. ಆ ಹೊತ್ತಿಗೆ ನೆನಪಿಗೆ ಬಂದದ್ದು ಎಲ್ಲಕ್ಕಿಂತ ಚಿಕ್ಕದು. "ಡೆಡ್, ಸರ್" ಎಂದೆ.

ದೊರೆ ಎದ್ದು ನಿಂತ. ಟೊಪ್ಪಿಗೆ ತೆಗೆದ. ಆಮೇಲೆ ಮಾತಾಡಲು ತೊಡಗಿದ. ಶಾಲೆಯಲ್ಲಿ ಕೇಳಿದ ಇಂಗ್ಲಿಷು ಅದಲ್ಲ. ಮಾತುಗಳು ಒಂದನ್ನೊಂದು ನುಂಗಿಕೊಂಡು ಬರುತ್ತಿದ್ದವು. ನನಗೆ ಹಿಡಿಯಲು ಸಿಕ್ಕಿದ್ದು ಬ್ರದರ್, ಮಳೆ, ಕುದುರೆ, ಎಂದಿಗೂ ಇಲ್ಲ, ಹೀಗೆ ನಾಲ್ಕೈದು. ಒಂದು ಕಡೆ ಜೋರಾಗಿ ನಕ್ಕ. ಯಾವುದೋ ಮಾತನ್ನು ನನ್ನ ತಮ್ಮ ಹೇಳಿದಂತೆಯೇ ಹೇಳಿ ತೋರಿಸಿದ. ದನಿ ಅವನದೇ ಎಂದು ಗುರುತು ಹತ್ತಿತು, ಅರ್ಥ ಹತ್ತಲಿಲ್ಲ. ಆಮೇಲೆ ದನಿ ಇಳಿಸಿ ನನ್ನ ಕಡೆ ನೋಡಿ ಇನ್ನೇನನ್ನೋ ಹೇಳಿದ. ಅದು ನನ್ನ ವಿಷಯವೇ ಇರಬೇಕು. ನನ್ನ ತಮ್ಮ ನನ್ನ ಬಗ್ಗೆ ಈ ಡೇರೆಯೊಳಗೆ ಆಡಿದ್ದ ಮಾತೋ ಏನೋ. ನಾನು ಯೆಸ್ ಸರ್ ಎಂದೆ. ನಗಬೇಕಾದ ಕಡೆ ನಗಲಿಲ್ಲ ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

ದುಭಾಷಿ ನನ್ನ ಹತ್ತಿರ ಬಾಗಿ ತಮಿಳಿನಲ್ಲಿ, "ದೊರೆ ಏನು ಹೇಳಿದರು ಗೊತ್ತಾಯಿತೇ? ಹೇಳಲೇ?" ಎಂದ. ದನಿಯಲ್ಲಿ ಕೊಂಕಿರಲಿಲ್ಲ. ಅವನಿಗೂ ನನ್ನ ತಮ್ಮ ಹಿಡಿಸಿದ್ದನೇನೋ.

"ಗೊತ್ತಾಯಿತು" ಎಂದೆ. ನನ್ನ ತಮ್ಮನನ್ನು ಆ ಬಾಯಿಂದ ಕೇಳಲು ನನಗೆ ಮನಸ್ಸಾಗಲಿಲ್ಲ.

ನಾನು ಬಿನ್ನಹವನ್ನು ಶುರು ಮಾಡಿದೆ. ಎರಡು ಮಾತು ಮುಗಿಯುವುದರೊಳಗೆ ದೊರೆ ಕೈಯೆತ್ತಿ ನಿಲ್ಲಿಸಿ ಅಪ್ಪಣೆ ಬರೆದು ಕೊಟ್ಟ. ಎಷ್ಟು ತಲೆ ಎಂದು ಕೇಳಲಿಲ್ಲ. ಮಂದೆಗೆ ಬೆಟ್ಟ ಸಿಕ್ಕಿತು. ಅದನ್ನು ಗೆದ್ದು ಕೊಟ್ಟವನು ಈ ಸಲವೂ ಅವನೇ.

ಹಿಂತಿರುಗಿ ಬರುವಾಗ ಅಪ್ಪ ಗದ್ದೆಯ ಬದುವಿನ ಮೇಲೆ ಮುಂದೆ ನಡೆಯುತ್ತಿದ್ದ. ಬಹಳ ದೂರ ಹೋದ ಮೇಲೆ ತಿರುಗದೆಯೇ ಕೇಳಿದ:

"ಚಿಕ್ಕೋನ ವಿಷ್ಯ ಏನಂದ ದೊರೆ?"

"ಒಳ್ಳೇವ್ನು ಅಂದ ಅಪ್ಪ."

ಅಪ್ಪ ಇನ್ನೂ ನಾಲ್ಕು ಹೆಜ್ಜೆ ನಡೆದು ನಿಂತ. "ಅಷ್ಟು ಹೊತ್ತು ಆಡಿದ್ದು ಅಷ್ಟೇನಾ?"

"ಇಂಗ್ಲೀಷಾಗೆ ಅದನ್ನ ಹೇಳಕ್ಕೆ ಅಷ್ಟು ಹೊತ್ತು ಬೇಕಪ್ಪ" ಎಂದೆ.